ಮಹಾಮಾರಿಯ ಕಾಲದಲ್ಲಿ ಪ್ರಜೆಯ ಹೊಣೆ, ಪ್ರಭುತ್ವದ ಹೊಣೆ



ಮಲ್ಲೇಶ್ವರದ ಅಡ್ಡರಸ್ತೆಗಳಲ್ಲಿ ನಡೆದಾಡಿದವರು ಒಂದು ಸಂಗತಿಯನ್ನು ಗಮನಿಸಿರಬಹುದು. ಹಳೆಯ ಮನೆಗಳ ಸಾಲಿನ ಬೆನ್ನಿಗೆ, ಎರಡು ಹಿತ್ತಿಲುಗಳ ನಡುವೆ, ಇಕ್ಕಟ್ಟಾದ ಓಣಿಯೊಂದು ನೇರವಾಗಿ ಹಾದುಹೋಗುತ್ತದೆ. ಮನೆಯ ಮುಂಬಾಗಿಲಿಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ಅದಕ್ಕೊಂದು ಹೆಸರೂ ಇಲ್ಲ. ಬಸವನಗುಡಿಯಲ್ಲಿಯೂ ಇಂಥವುಗಳುಂಟು. ಪುರಸಭೆಯ ಭಾಷೆಯಲ್ಲಿ ಇವು ಕನ್ಸರ್ವೆನ್ಸಿ ಓಣಿಗಳು; ಒಳಚರಂಡಿಗಳಿಲ್ಲದ ಕಾಲದಲ್ಲಿ ಮನೆಯ ಮಲವನ್ನು ಮನೆಯವರ ಕಣ್ಣಿಗೆ ಬೀಳದಂತೆ ಹಿಂದಿನಿಂದ ಸಾಗಿಸುವುದಕ್ಕಾಗಿ ಬಿಟ್ಟ ದಾರಿಗಳು. ಊರಿನ ಶುಚಿತ್ವಕ್ಕೆ ಯಾರು ಹೊಣೆ, ಆ ಹೊಣೆಯನ್ನು ಯಾರ ತಲೆಯ ಮೇಲೆ ಹೊರಿಸಲಾಯಿತು ಎಂಬ ಪ್ರಶ್ನೆಯನ್ನು ನಾನು ಈ ಓಣಿಯಿಂದಲೇ ಆರಂಭಿಸಬೇಕೆಂದಿದ್ದೇನೆ.

1898ರ ಪ್ಲೇಗು ಈ ಬಡಾವಣೆಗಳನ್ನು ಹುಟ್ಟಿಸಿತೆಂಬ ಮಾತು ವಾಡಿಕೆಯಲ್ಲಿದೆ. ಅದು ಪೂರ್ತಿ ಸರಿಯಲ್ಲ. ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ಏರ್ಪಾಡು 1892ರ ಸುಮಾರಿನದು. ಚಾಮರಾಜೇಂದ್ರ ಒಡೆಯರು ಬದುಕಿದ್ದ ಕಾಲದ್ದು. ಹಳೆಯ ಪೇಟೆಯ ಇಕ್ಕಟ್ಟು ಆಗಲೇ ಅಧಿಕಾರಿಗಳ ಮನಸ್ಸಿಗೆ ಬಂದಿತ್ತು. ಹೆಸರಘಟ್ಟದ ಕೆರೆಯಿಂದ ನೀರು ತರುವ ಯೋಜನೆಯೂ ಅದೇ ದಶಕದ ಕೆಲಸ. ಆದರೆ ನಿವೇಶನಗಳನ್ನು ಗುರುತಿಸುವುದು ಒಂದು, ಜನ ಅಲ್ಲಿಗೆ ಹೋಗಿ ನೆಲಸುವುದು ಇನ್ನೊಂದು. ಚಿಕ್ಕಪೇಟೆಯ, ಬಳೇಪೇಟೆಯ ವ್ಯಾಪಾರಿ ತನ್ನ ಅಂಗಡಿಯ ಹಿಂದಣ ಮನೆಯನ್ನು ಬಿಟ್ಟು ಬಸವನ ಗುಡಿಯ ಬಂಡೆಗಳ ಪಕ್ಕಕ್ಕೆ ಏಕೆ ಹೋದಾನು? ಅವನನ್ನು ಹೊರಡಿಸಿದ್ದು ಪ್ಲೇಗು. ಊರು ಸರ್ಕಾರದ ನಕಾಶೆಯಲ್ಲಿ ಮೊದಲು ಹುಟ್ಟಿತು, ಜನರ ಭಯದಿಂದ ತುಂಬಿತು ಎಂದರೆ ಸತ್ಯಕ್ಕೆ ಹತ್ತಿರವಾಗುತ್ತದೆ.

ರೋಗವು ಬಂದ ದಾರಿಯನ್ನು ಸಂಕ್ಷೇಪವಾಗಿ ಹೇಳಿಬಿಡುತ್ತೇನೆ. 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಅದು ಭೀಕರವಾಗಿ ಹರಡಿತು. ರೋಗಾಣುವನ್ನು ಯೆರ್ಸಿನನೂ ಕಿಟಸಾಟೋವೂ ಆ ವರ್ಷ ಅಲ್ಲಿಯೇ ಕಂಡರು. 1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡವಿಯಲ್ಲಿ ಡಾಕ್ಟರ್ ವಿಯೇಗಸ್ ಅದನ್ನು ಗುರುತಿಸಿದರು. ಅಲ್ಲಿಂದ ಪುಣೆ, ಅಲ್ಲಿಂದ ರೈಲು ಹಾದಿಯಾಗಿ ಧಾರವಾಡ, ಹುಬ್ಬಳ್ಳಿ. 1898ರ ಆಗಸ್ಟಿನಲ್ಲಿ ಹುಬ್ಬಳ್ಳಿಯ ಕಡೆಯಿಂದ ರೈಲುಗಾಡಿಯಲ್ಲಿ ಅದು ಬೆಂಗಳೂರಿಗೆ ಇಳಿಯಿತು. ರೈಲು ನಮಗೆ ತಂದುಕೊಟ್ಟ ಅನುಕೂಲಗಳನ್ನು ಶಾಲೆಯ ಪುಸ್ತಕಗಳು ಹೇಳುತ್ತವೆ. ಇದನ್ನೂ ಒಂದು ಸಾಲಿನಲ್ಲಿ ಹೇಳಿದರೆ ತಪ್ಪಾಗದು.

ರೋಗಕ್ಕಿಂತ ಒಂದೂವರೆ ವರ್ಷ ಮೊದಲೇ ಕಾಯಿದೆ ಬಂದಿತ್ತು. 1897ರ ಫೆಬ್ರವರಿ 4ರಂದು ಬ್ರಿಟಿಷ್ ಇಂಡಿಯಾದಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆ ಅಂಗೀಕೃತವಾಯಿತು. ಮೈಸೂರು ಸಂಸ್ಥಾನವೂ ಅದೇ ವರ್ಷ ಅದೇ ಬಗೆಯ ಕಾಯಿದೆಯನ್ನು ಮಾಡಿಕೊಂಡಿತು. ಬ್ರಿಟಿಷ್ ಇಂಡಿಯಾದ ಕಾಯಿದೆ ಬಹು ಚಿಕ್ಕದು. ಅದರಲ್ಲಿರುವುದು ನಾಲ್ಕೇ ಪ್ರಕರಣಗಳು. ಮೊದಲನೆಯದು ಹೆಸರು. ಎರಡನೆಯದು, ಸರ್ಕಾರವು ಅಗತ್ಯವೆಂದು ತೋರಿದ ಯಾವ ಕ್ರಮವನ್ನಾದರೂ ಕೈಗೊಳ್ಳಬಹುದೆಂಬುದು. ಮೂರನೆಯದು, ಆಜ್ಞೆಯನ್ನು ಮೀರಿದವನಿಗೆ ಶಿಕ್ಷೆ. ನಾಲ್ಕನೆಯದು, ಕಾಯಿದೆಯ ಮೇರೆಗೆ ಸದ್ಭಾವದಿಂದ ನಡೆದುಕೊಂಡವರ ಮೇಲೆ ಯಾವ ವ್ಯಾಜ್ಯವನ್ನೂ ಹೂಡಕೂಡದೆಂಬ ರಕ್ಷೆ. ಪ್ರಜೆ ಏನು ಮಾಡಬೇಕು, ಮಾಡದಿದ್ದರೆ ಏನಾಗುತ್ತದೆ ಎಂಬುದು ಅಲ್ಲಿದೆ. ಸರ್ಕಾರ ಏನು ಮಾಡಲೇಬೇಕು, ಮಾಡದಿದ್ದರೆ ಏನಾಗುತ್ತದೆ ಎಂಬುದು ಇಲ್ಲ. ಇಡೀ ಕಾಯಿದೆಯ ಸ್ವರೂಪವನ್ನು ಈ ಇಲ್ಲದ ಐದನೆಯ ಪ್ರಕರಣದಿಂದಲೇ ಅರಿತುಕೊಳ್ಳಬಹುದೆಂದು ನನಗೆ ತೋರುತ್ತದೆ.

ಪುಣೆಯಲ್ಲಿ ಈ ಅಧಿಕಾರ ಹೇಗೆ ನಡೆಯಿತೆಂಬುದು ಪ್ರಸಿದ್ಧವಾದ ಸಂಗತಿ. ಸಿಪಾಯಿಗಳು ಮನೆಮನೆಗೆ ನುಗ್ಗಿ ರೋಗಿಗಳನ್ನು ಹುಡುಕಿದರು; ಅಡಿಗೆಮನೆ, ದೇವರಮನೆಗಳೆಂಬ ಭೇದ ಉಳಿಯಲಿಲ್ಲ. 1897ರ ಜೂನ್ 22ರ ರಾತ್ರಿ ಪ್ಲೇಗಿನ ಅಧಿಕಾರಿಯಾಗಿದ್ದ ರ‍್ಯಾಂಡ್ ಎಂಬವನ ಮೇಲೆ ಚಾಪೇಕರ ಸೋದರರು ಗುಂಡು ಹಾರಿಸಿದರು. ಬೆಂಗಳೂರಿಗೆ ಪ್ಲೇಗು ಬಂದಾಗ ದಿವಾನ್ ಶೇಷಾದ್ರಿ ಅಯ್ಯರವರಿಗೂ ರೀಜೆಂಟರಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿಯವರಿಗೂ ಈ ಪಾಠ ಕಣ್ಣೆದುರಿಗೆ ಇತ್ತು. ಪ್ಲೇಗ್ ಕಮಿಷನರಾಗಿ ನೇಮಕವಾದವರು ವಿ. ಪಿ. ಮಾಧವರಾಯರು; ಅವರೇ ಮುಂದೆ 1906ರಲ್ಲಿ ದಿವಾನರಾದರು.

ಇಲ್ಲಿ ಒಂದು ತೊಡಕನ್ನು ಮರೆಯಬಾರದು. ಅಂದಿನ ಬೆಂಗಳೂರು ಒಂದು ಊರಲ್ಲ, ಎರಡು. ಪೇಟೆಯೂ ಹೊಸ ಬಡಾವಣೆಗಳೂ ಮೈಸೂರು ಸರ್ಕಾರಕ್ಕೆ ಸೇರಿದ್ದವು; ದಂಡು ಪ್ರದೇಶವು 1881ರಿಂದ ಬ್ರಿಟಿಷ್ ರೆಸಿಡೆಂಟರ ಆಡಳಿತದಲ್ಲಿತ್ತು. ಎರಡು ಪುರಸಭೆ, ಎರಡು ಪೋಲೀಸು, ಎರಡು ವೈದ್ಯಶಾಖೆ. ನಡುವೆ ಕಬ್ಬನ್ ಉದ್ಯಾನ. ಉದ್ಯಾನದ ಆಚೆಗೆ ರೋಗ ಕಂಡರೆ ಈಚೆಯವರು ಆಚೆಯವರನ್ನು ದೂರುವುದು, ಈಚೆಗೆ ಕಂಡರೆ ಆಚೆಯವರು ಈಚೆಯವರನ್ನು ದೂರುವುದು ಎಷ್ಟು ಸುಲಭವೆಂಬುದನ್ನು ಶ್ರೋತೃಗಳು ಊಹಿಸಬಹುದು. ಇಲಿಗೆ ಮಾತ್ರ ರೆಸಿಡೆಂಟರೂ ಒಂದೇ, ದಿವಾನರೂ ಒಂದೇ.

ಸರ್ಕಾರವು ಕೈಗೊಂಡ ಕ್ರಮಗಳು ಆ ಕಾಲದ ಎಲ್ಲ ಕಡೆಯ ಕ್ರಮಗಳೇ. ರೈಲು ನಿಲ್ದಾಣಗಳಲ್ಲಿ ಪ್ರಯಾಣಿಕರ ತಪಾಸಣೆ. ರೋಗಿಯನ್ನು ಆಸ್ಪತ್ರೆಗೂ ಅವನ ಮನೆಯವರನ್ನು ಬೇರೆ ಶಿಬಿರಕ್ಕೂ ಸಾಗಿಸುವುದು. ಮನೆಯ ಗೋಡೆಗಳಿಗೆ ಔಷಧದ ನೀರು ಎರಚುವುದು, ಹೆಂಚು ತೆಗೆದು ಬಿಸಿಲು ಬಿಡುವುದು, ಹಾಸಿಗೆ ಬಟ್ಟೆಗಳನ್ನು ಸುಡುವುದು. ಊರ ಹೊರಗೆ ಗುಡಿಸಲುಗಳನ್ನು ಹಾಕಿ ಜನರನ್ನು ಅಲ್ಲಿಗೆ ಹೊರಡಿಸುವುದು. ಜನರು ಮಾಡಿದ್ದೂ ಎಲ್ಲ ಕಡೆಯ ಜನರು ಮಾಡಿದ್ದೇ. ಓಡಿದರು, ಅಡಗಿಸಿದರು, ಮಾರಿಯಮ್ಮನಿಗೆ ಹರಕೆ ಹೊತ್ತರು. ಪ್ಲೇಗಿನ ಹೆಸರನ್ನೇ ಹೊತ್ತ ಮಾರಿಯಮ್ಮನ ಗುಡಿಗಳು ನಮ್ಮ ಊರಿನಲ್ಲಿ ಎದ್ದುವು. ರೋಗಕ್ಕೆ ಇಂಗ್ಲಿಷ್ ಹೆಸರು, ದೇವಿಗೆ ನಮ್ಮ ಹೆಸರು; ಎರಡನ್ನೂ ಕೂಡಿಸಿ ಜನ ತಮಗೊಂದು ಆಶ್ರಯ ಮಾಡಿಕೊಂಡರು.

ಈ ಅಡಗಿಸುವಿಕೆಯ ವಿಷಯದಲ್ಲಿ ನಾನು ಸ್ವಲ್ಪ ನಿಲ್ಲಬೇಕು. ಆ ಕಾಲದ ಅಧಿಕಾರಿಗಳ ಬರಹಗಳನ್ನು ಓದಿದರೆ, ಅದೊಂದು ಅಜ್ಞಾನವೆಂದೂ ಹಠವೆಂದೂ ಪ್ರಜೆಗಳಲ್ಲಿ ಕರ್ತವ್ಯಬುದ್ಧಿ ಇಲ್ಲವೆಂಬುದಕ್ಕೆ ಸಾಕ್ಷಿಯೆಂದೂ ಮತ್ತೆ ಮತ್ತೆ ಕಾಣಬರುತ್ತದೆ. ನನ್ನ ಅಜ್ಜಿ ತಮ್ಮ ತಾಯಿಯಿಂದ ಕೇಳಿದ್ದ ಒಂದು ಮಾತನ್ನು ಹೇಳುತ್ತಿದ್ದರು. ಪೇಟೆಯ ಅವರ ಮನೆಯಲ್ಲಿ ಒಬ್ಬ ಹುಡುಗನಿಗೆ ಜ್ವರ ಬಂದಾಗ ಮನೆಯವರು ಅವನ ತೊಡೆಸಂದಿಯ ಗಡ್ಡೆಯನ್ನು ನೋಡಿಕೊಂಡು ಬಾಗಿಲು ಹಾಕಿದರಂತೆ. ಹೊರಗೆ ಯಾರಾದರೂ ಕೇಳಿದರೆ, ಹುಡುಗ ಸೋದರಮಾವನ ಊರಿಗೆ ಹೋಗಿದ್ದಾನೆಂದು ಉತ್ತರ. ಮೂರನೆಯ ದಿನ ಹುಡುಗ ತೀರಿಕೊಂಡ. ಅಳುವುದಕ್ಕೂ ಹೆದರಿಕೆ, ಅತ್ತರೆ ಬೀದಿಗೆ ಕೇಳಿಸುತ್ತದೆ. “ಬಾಯಿಗೆ ಸೆರಗು ತುರುಕಿಕೊಂಡು ಅತ್ತರು” ಎಂದು ಅಜ್ಜಿ ಹೇಳುವರು. ಆ ತಾಯಿಗೆ ಕರ್ತವ್ಯಬುದ್ಧಿ ಇರಲಿಲ್ಲವೆ? ಇತ್ತು, ಆದರೆ ಅವಳ ಕರ್ತವ್ಯದ ಮೇರೆ ಮಗನ ಹಾಸಿಗೆಯಾಗಿತ್ತು. ಅವನನ್ನು ತೋರಿಸಿದರೆ ಏನಾಗುವುದೆಂದು ಅವಳು ತಿಳಿದಿದ್ದಳು: ಹುಡುಗನನ್ನು ಒಂದು ಗಾಡಿ ಒಯ್ಯುತ್ತದೆ, ತನ್ನನ್ನು ಇನ್ನೊಂದು, ಅವನ ಬಾಯಿಗೆ ನೀರು ಬಿಡುವವರು ಯಾರೋ, ಸಂಸ್ಕಾರ ಮಾಡುವವರು ಯಾರೋ. ಆಸ್ಪತ್ರೆಗೆ ಹೋದವನು ಬದುಕಿ ಬಂದನೆಂಬ ಸುದ್ದಿಯಾದರೂ ಕೇಳಿಬಂದಿದ್ದರೆ ಅವಳು ಬಾಗಿಲು ತೆರೆಯುತ್ತಿದ್ದಳೋ ಏನೋ. ಪ್ಲೇಗಿಗೆ ಅಂದು ಆಸ್ಪತ್ರೆಯಲ್ಲಿಯೂ ಮದ್ದಿರಲಿಲ್ಲ.

ಹಾಗೆಂದು ಮುಚ್ಚಿಟ್ಟವರೆಲ್ಲರನ್ನೂ ನಿರ್ದೋಷಿಗಳೆಂದು ನಾನು ಬಿಡುವುದಿಲ್ಲ. ಸತ್ತವರ ಮನೆಯಿಂದ ಬಟ್ಟೆ ಪಾತ್ರೆಗಳನ್ನು ಗಂಟು ಕಟ್ಟಿ, ತಪಾಸಣೆಯವನ ಕೈಗೆ ಕಾಸು ತುರುಕಿ, ಇನ್ನೊಂದು ಊರಿನ ನಂಟರ ಮನೆಗೆ ರೋಗವನ್ನು ಒಯ್ದವರಿದ್ದರು. ಆ ನಂಟರು ಯಾರನ್ನು ಕೇಳಬೇಕು? ಸರ್ಕಾರವನ್ನಲ್ಲ. ಭಯವು ಮನುಷ್ಯನನ್ನು ಕ್ಷಮಾರ್ಹನನ್ನಾಗಿ ಮಾಡಬಹುದು; ಅವನ ಗಂಟಿನಲ್ಲಿದ್ದುದನ್ನು ಇಲ್ಲವಾಗಿಸಲಾರದು.

ಇನ್ನು, ಇವೆರಡು ಪಕ್ಷಗಳ ಜಗಳಕ್ಕಿಂತ ವಿಚಿತ್ರವಾದ ಒಂದು ಸಂಗತಿಯುಂಟು. ಗಂಟಿನಲ್ಲಿದ್ದುದು ಏನೆಂಬುದು ಇಬ್ಬರಿಗೂ ತಿಳಿದಿರಲಿಲ್ಲ. ಪ್ಲೇಗು ಇಲಿಯ ಮೈಮೇಲಣ ಚಿಗಟದಿಂದ ಮನುಷ್ಯನಿಗೆ ತಗಲುತ್ತದೆಂದು ಸೀಮಾಂಡ್ ಎಂಬ ಫ್ರೆಂಚ್ ವೈದ್ಯನು ಇದೇ 1898ರಲ್ಲಿ ಕರಾಚಿಯಲ್ಲಿ ಪ್ರಯೋಗ ಮಾಡಿ ತೋರಿಸಿದನು. ಯಾರೂ ನಂಬಲಿಲ್ಲ. 1905ರಲ್ಲಿ ನೇಮಕವಾದ ಸಂಶೋಧನ ಮಂಡಲಿಯು ಮುಂಬಯಿಯಲ್ಲಿ ದೀರ್ಘವಾಗಿ ಪರೀಕ್ಷಿಸಿದ ಮೇಲಷ್ಟೆ ಅದು ಸಿದ್ಧಾಂತವಾಯಿತು. ಎಂದ ಮೇಲೆ, ಬೆಂಗಳೂರಿನ ಪೇಟೆಯಲ್ಲಿ ರೋಗಿಯನ್ನು ಹುಡುಕಿ ಎಳೆದೊಯ್ದ ಕಷ್ಟ ಬಹುಮಟ್ಟಿಗೆ ವ್ಯರ್ಥವಾಗಿತ್ತು. ಗಡ್ಡೆಯ ಪ್ಲೇಗು ರೋಗಿಯ ಉಸಿರಿನಿಂದ ಸಾಮಾನ್ಯವಾಗಿ ಹರಡುವುದಿಲ್ಲ. ಗೋಡೆಗೆ ಎರಚಿದ ನೀರು ರೋಗಾಣುವಿಗೆ ಎಂದು ಎರಚಿದ್ದು. ಇಲಿಯಾದರೋ ಪಕ್ಕದ ಮನೆಯ ಅಟ್ಟಕ್ಕೆ ಹೋಯಿತು. ಸರ್ಕಾರದ ಕ್ರಮಗಳಲ್ಲಿ ನಿಜವಾಗಿ ಪ್ರಾಣ ಉಳಿಸಿದ್ದು ಊರು ಬಿಡಿಸಿದ್ದು. ಬಯಲಿನ ಗುಡಿಸಲಿನಲ್ಲಿ ಇಲಿಗೆ ಮನೆಯಿಲ್ಲ.

ಈ ಉಪಾಯವನ್ನು ಯಾವ ಕಮಿಷನರೂ ಕಂಡುಹಿಡಿಯಬೇಕಾಗಿರಲಿಲ್ಲ. ಹಿಮಾಲಯದ ತಪ್ಪಲಿನ ಗಢವಾಲ, ಕುಮಾಊಂ ಸೀಮೆಗಳ ಹಳ್ಳಿಗರು ಇಲಿ ಸತ್ತು ಬಿದ್ದೊಡನೆ ಊರು ಬಿಡುತ್ತಿದ್ದರೆಂಬುದು ಪ್ಲೇಗು ಮುಂಬಯಿಗೆ ಬರುವುದಕ್ಕೆ ಬಹಳ ಮೊದಲೇ ದಾಖಲಾಗಿತ್ತು. ನಮ್ಮ ಕಡೆಯವರೂ ಒಂದೆರಡು ವರ್ಷಗಳಲ್ಲಿಯೇ ಅದನ್ನು ಕಲಿತರು. “ಇಲಿ ಬಿತ್ತು” ಎಂಬ ಎರಡು ಮಾತಿಗೆ ಮನೆಗೆ ಮನೆಯೇ ಪಾತ್ರೆ ಪಡಗ ಕಟ್ಟಿ ಹೊರಡುತ್ತಿತ್ತು. ತಿಳಿಯದ ವಿಷಯವನ್ನು ತಿಳಿಯದೆಂದು ಒಪ್ಪಿಕೊಳ್ಳುವ ಪದ್ಧತಿ ಅಂದಿನ ಸರ್ಕಾರಕ್ಕಿರಲಿಲ್ಲ. ನಿಶ್ಚಯವಿಲ್ಲದ ವಿದ್ಯೆಯಿಂದ ನಿಶ್ಚಯವಾದ ಆಜ್ಞೆಗಳು ಹೊರಟವು. ಅಜ್ಞಾನಕ್ಕಾಗಿ ಯಾರನ್ನೂ ದೂರಲಾಗದು, ಆದರೆ ಅಜ್ಞಾನದ ಮೇಲೆ ಬಲಾತ್ಕಾರವನ್ನು ಕಟ್ಟಿದ್ದಕ್ಕೆ ದೂರಬಹುದೆಂದು ನನ್ನ ಅಭಿಪ್ರಾಯ. ಆ ವರ್ಷದ ನವೆಂಬರಿನಲ್ಲಿ ಶ್ರೀರಂಗಪಟ್ಟಣದ ಪಕ್ಕದ ಗಂಜಾಮಿನಲ್ಲಿ ಪ್ಲೇಗಿನ ಕ್ರಮಗಳ ವಿರುದ್ಧ ಜನರು ದಂಗೆಯೆದ್ದರು. ಮೈಸೂರು ಸರ್ಕಾರ ಪುಣೆಗಿಂತ ಮೃದುವಾಗಿತ್ತೆಂದು ಹೇಳಿಕೊಳ್ಳುವ ನಾವು ಗಂಜಾಮನ್ನೂ ನೆನೆಯಬೇಕು.

ಊರು ಬಿಡಿರೆಂಬ ಆಜ್ಞೆ ಎಲ್ಲರಿಗೂ ಒಂದೇ; ಹೋಗುವ ಜಾಗ ಒಂದೇ ಅಲ್ಲ. ಹಣವಿದ್ದವನು ಬಸವನಗುಡಿಯಲ್ಲಿ ನಿವೇಶನ ಕೊಂಡು ಸುತ್ತ ಬಯಲು ಬಿಟ್ಟು ಮನೆ ಕಟ್ಟಿಸಿದನು. ನೌಕರಿಯಲ್ಲಿದ್ದವನು ಮಲ್ಲೇಶ್ವರದಲ್ಲಿ ಜಾತಿಯವರ ಬೀದಿ ನೋಡಿಕೊಂಡು ಹೋದನು. ಈ ಬಡಾವಣೆಗಳಲ್ಲಿ ಜಾತಿಮತಗಳ ಲೆಕ್ಕದ ಮೇಲೆ ಭಾಗಗಳನ್ನು ಹಂಚಿದ್ದು ಎಲ್ಲರೂ ಬಲ್ಲದ್ದು. ನೇಯುವವನು ಮಗ್ಗವನ್ನು ಹೊತ್ತುಕೊಂಡು ಬಯಲಿಗೆ ಹೋಗಲಾರನು. ಕೂಲಿಯವನು ಪೇಟೆ ಬಿಟ್ಟರೆ ಕೂಲಿಯನ್ನೂ ಬಿಟ್ಟಂತೆ. ನಾನು ಮೊದಲು ಹೇಳಿದ ಓಣಿಯಲ್ಲಿ ಬೆಳಗಿನ ಜಾವ ಬಕೆಟ್ಟು ಹೊತ್ತು ನಡೆದವನು ಹೊಸ ಬಡಾವಣೆಯನ್ನು ಪ್ರತಿದಿನ ಶುಚಿ ಮಾಡಿ ಹಿಂದಿರುಗುತ್ತಿದ್ದುದು ಎಲ್ಲಿಗೆ? ನಿವೇಶನಗಳ ಪಟ್ಟಿಯಲ್ಲಿ ಅವನ ಪಾಲಿಗೆ ಇದ್ದದ್ದು ಆ ಓಣಿಯಷ್ಟೆ.

ಜನಗಣತಿಯ ಅಂಕಿಗಳನ್ನು ಕೇಳಿ. ಬೆಂಗಳೂರು ನಗರದಲ್ಲಿ 1891ರಲ್ಲಿ 80,285 ಜನರಿದ್ದರು, 1901ರಲ್ಲಿ 69,447. ದಂಡು ಪ್ರದೇಶದಲ್ಲಿ 1,00,081 ಇದ್ದದ್ದು 89,599ಕ್ಕೆ ಇಳಿಯಿತು. ಅದೇ ಹತ್ತು ವರ್ಷಗಳಲ್ಲಿ ಇಡೀ ಮೈಸೂರು ಸಂಸ್ಥಾನದ ಜನಸಂಖ್ಯೆ 49 ಲಕ್ಷ 43 ಸಾವಿರದಿಂದ 55 ಲಕ್ಷ 39 ಸಾವಿರಕ್ಕೆ ಏರಿತ್ತು. ಕಡಮೆಯಾದ ಇಪ್ಪತ್ತೊಂದು ಸಾವಿರ ಜನರೂ ಸತ್ತವರಲ್ಲ. ಊರು ಬಿಟ್ಟವರೂ ಅದರಲ್ಲಿದ್ದಾರೆ. ಸತ್ತವನೂ ಓಡಿದವನೂ ಒಂದೇ ಕಳೆಯುವ ಲೆಕ್ಕದಲ್ಲಿ ಸೇರಿದ್ದಾರೆ.

ಆ ಗೊಂದಲದಲ್ಲಿ ದುಡಿದವರಲ್ಲಿ ಒಬ್ಬರನ್ನು ಹೆಸರಿಸದೆ ಇರಲಾರೆ. ಡಾಕ್ಟರ್ ಪಲ್ಪು ತಿರುವಾಂಕೂರಿನವರು, ಈಳವ ಜಾತಿಯವರು. ಮದರಾಸಿನಲ್ಲಿ ವೈದ್ಯ ಪದವಿ ಪಡೆದು ಬಂದರೂ ಜಾತಿಯ ಕಾರಣದಿಂದ ಅವರ ಸ್ವಂತ ಸಂಸ್ಥಾನ ಅವರಿಗೆ ಕೆಲಸ ಕೊಡಲಿಲ್ಲ; ಮೈಸೂರು ಕೊಟ್ಟಿತು. ಬೆಂಗಳೂರಿನ ಪ್ಲೇಗು ಶಿಬಿರಗಳಲ್ಲಿ, ಇತರರು ಕಾಲಿಡಲು ಅಂಜಿದ ಕಡೆ, ಅವರು ದುಡಿದರು. ಅವರಿಗೆ ಹುದ್ದೆ ಕೊಟ್ಟದ್ದು ಸರ್ಕಾರದ ಹಿರಿಮೆ. ಹೆಣಗಳ ನಡುವೆ ನಿಂತದ್ದು ಅವರ ಸ್ವಂತದ್ದು.

ಹೊಣೆಯನ್ನು ಒಬ್ಬ ಮನುಷ್ಯನ ಮೇಲೆ ಹೊರಿಸಿ ಸರ್ಕಾರ ಕೈ ತೊಳೆದುಕೊಂಡ ಉದಾಹರಣೆಯೂ ಪ್ಲೇಗಿನ ಚರಿತ್ರೆಯಲ್ಲಿಯೇ ಇದೆ. ಹಾಫ್ಕಿನ್ ಎಂಬ ವಿಜ್ಞಾನಿ ಮುಂಬಯಿಯಲ್ಲಿ ಪ್ಲೇಗಿನ ಲಸಿಕೆಯನ್ನು ತಯಾರಿಸಿ 1897ರ ಜನವರಿಯಲ್ಲಿ ಮೊದಲು ತನ್ನ ಮೈಗೇ ಚುಚ್ಚಿಕೊಂಡನು. 1902ರ ಅಕ್ಟೋಬರಿನಲ್ಲಿ ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ ಒಂದೇ ಸೀಸೆಯಿಂದ ಚುಚ್ಚಿಸಿಕೊಂಡ 19 ಜನರು ಧನುರ್ವಾಯುವಿನಿಂದ ಸತ್ತರು. ವಿಚಾರಣೆಯವರು ಮುಂಬಯಿಯ ಪ್ರಯೋಗಶಾಲೆಯನ್ನು ತಪ್ಪಿತಸ್ಥನನ್ನಾಗಿ ಮಾಡಿದರು; ಹಾಫ್ಕಿನನ ಕೆಲಸ ಹೋಯಿತು. ಸೀಸೆಯನ್ನು ತೆರೆಯುವಾಗ ಹಳ್ಳಿಯಲ್ಲಿ ಚಿಮಟ ನೆಲಕ್ಕೆ ಬಿದ್ದಿತ್ತೆಂಬುದೂ ಅದನ್ನು ಸರಿಯಾಗಿ ಶುದ್ಧಿ ಮಾಡಲಿಲ್ಲವೆಂಬುದೂ ಬೆಳಕಿಗೆ ಬಂದು, ರೊನಾಲ್ಡ್ ರಾಸ್ ಮೊದಲಾದವರು ಪತ್ರಿಕೆಗಳಲ್ಲಿ ಬರೆದ ಮೇಲೆ, 1907ರಲ್ಲಿ ಅವನು ನಿರ್ದೋಷಿಯೆನಿಸಿದನು. ಐದು ವರ್ಷ. ಈ ನಡುವೆ ಎಷ್ಟು ಹಳ್ಳಿಗಳು ಸೂಜಿಗೆ ಬೆನ್ನು ತಿರುಗಿಸಿದವೋ.

ಉತ್ತರ ಹೇಳುವ ಸ್ಥಾನವೊಂದು ಮೈಸೂರಿನಲ್ಲಿ ಇತ್ತು, ಅಪೂರ್ಣವಾಗಿ. 1881ರಲ್ಲಿ ರಂಗಾಚಾರ್ಲು ಅವರು ಸ್ಥಾಪಿಸಿದ ಪ್ರಜಾಪ್ರತಿನಿಧಿ ಸಭೆಯ ಮುಂದೆ ದಿವಾನರು ವರ್ಷದ ವರದಿಯನ್ನು ಓದುತ್ತಿದ್ದರು. ಪ್ರತಿನಿಧಿಗಳು ಕಷ್ಟಗಳನ್ನು ಅರಿಕೆ ಮಾಡಿಕೊಳ್ಳುತ್ತಿದ್ದರು. ಆ ಸಭೆಗೆ ದಿವಾನರನ್ನು ಕಟ್ಟಿಹಾಕುವ ಶಕ್ತಿಯಿರಲಿಲ್ಲ. 1923ರವರೆಗೆ ಅದಕ್ಕೆ ಶಾಸನದ ಆಧಾರವೇ ಇರಲಿಲ್ಲ. ಆದರೂ ಬ್ರಿಟಿಷ್ ಇಂಡಿಯಾದ ಪ್ರಜೆಗೆ ಅಷ್ಟೂ ಇರಲಿಲ್ಲ. ಕಲ್ಲು ಗಾರೆಗಳಲ್ಲಿಯೂ ಒಂದು ಬಗೆಯ ಉತ್ತರ ಬಂದಿತು: 1900ರ ಡಿಸೆಂಬರಿನಲ್ಲಿ ವಿಕ್ಟೋರಿಯ ಆಸ್ಪತ್ರೆ ಬಾಗಿಲು ತೆರೆಯಿತು, ದಂಡಿನಲ್ಲಿ ಇಲಿ ನುಸುಳದಂತೆ ಮನೆಗಳನ್ನು ಕಟ್ಟುವ ಫ್ರೇಜರ್ ಟೌನ್ ಎದ್ದಿತು, ಅದರ ಇಂಜನಿಯರ್ ಸ್ಟೀಫನ್ಸ್ 1914ರಲ್ಲಿ ಆ ವಿಷಯವಾಗಿ ಪುಸ್ತಕವನ್ನೇ ಬರೆದನು. 1911ರ ಗಣತಿಯಲ್ಲಿ ನಗರದ ಜನಸಂಖ್ಯೆ 88,651. ಊರು ಮತ್ತೆ ತುಂಬಿಕೊಂಡಿತು. 1918ರ ಇನ್‌ಫ್ಲುಯೆಂಜದ ಹೊತ್ತಿಗೆ, ದಿವಾನ್ ವಿಶ್ವೇಶ್ವರಯ್ಯನವರ ಕಡೆಯ ತಿಂಗಳುಗಳಲ್ಲಿ, ಸ್ವಯಂಸೇವಕರು ಬೀದಿಬೀದಿಗೂ ಔಷಧವನ್ನೂ ಗಂಜಿಯನ್ನೂ ಒಯ್ದರು. ಇಪ್ಪತ್ತು ವರ್ಷಗಳ ಹಿಂದೆ ರೋಗಿಯನ್ನು ಒಯ್ಯಲು ಬಾಗಿಲು ತಟ್ಟಿದ್ದ ಊರಿನಲ್ಲಿ ಈಗ ಗಂಜಿ ಕೊಡಲು ಬಾಗಿಲು ತಟ್ಟಿದರು, ಬಾಗಿಲುಗಳೂ ತೆರೆದವು.

ನೂರು ವರ್ಷ ಕಳೆದು 2020ರ ಮಾರ್ಚಿನಲ್ಲಿ ಕೋವಿಡ್ ಬಂದಾಗ ಸರ್ಕಾರ ಕೈಗೆತ್ತಿಕೊಂಡದ್ದು ಅದೇ 1897ರ ಕಾಯಿದೆ. ಮುಖಕ್ಕೆ ಬಟ್ಟೆ ಕಟ್ಟಿರಿ, ದೂರ ನಿಲ್ಲಿರಿ, ಮನೆಯಲ್ಲಿರಿ ಎಂದರು. ನ್ಯಾಯವಾದ ಮಾತು, ನನ್ನ ಉಸಿರಿಗೆ ನಾನೇ ಹೊಣೆ. ಮದುವೆಗಳಿಗೆ ನೂರಾರು ಜನರನ್ನು ಕೂಡಿಸಿದವರನ್ನೂ, ರೋಗ ಮುಚ್ಚಿಟ್ಟು ಸಂತೆಗೆ ಹೋದವರನ್ನೂ ನಾನು ಸಮರ್ಥಿಸುವುದಿಲ್ಲ. ಆದರೆ 2021ರ ಏಪ್ರಿಲಿನಲ್ಲಿ, ಬಸವನಗುಡಿಯ ನಮ್ಮ ಮನೆಯಲ್ಲಿ, ಚಿಕ್ಕಪ್ಪನವರ ಉಸಿರು ಏರುತ್ತಿದ್ದಾಗ ರಾತ್ರಿಯಿಡೀ ಹಾಸಿಗೆಗಾಗಿ ದೂರವಾಣಿಯಲ್ಲಿ ಬೇಡಿದೆವು. ಒಂದು ಆಸ್ಪತ್ರೆಯವರು, “ಹಾಸಿಗೆ ಉಂಟು, ಆಮ್ಲಜನಕ ನೀವೇ ತನ್ನಿ” ಎಂದರು. ಎಂಟು ತಿಂಗಳು ಮನೆಯಿಂದ ಹೊರಬೀಳದೆ ಎಲ್ಲ ಆಜ್ಞೆಗಳನ್ನೂ ಪಾಲಿಸಿದ್ದವರು ಅವರು. ಆಮ್ಲಜನಕವನ್ನು ಒಬ್ಬ ಗೃಹಸ್ಥನು ಎಲ್ಲಿಂದ ತರಬೇಕು? ಅವರು ಉಳಿದರು, ಯಾರದೋ ಪುಣ್ಯದಿಂದ ಸಿಕ್ಕ ಒಂದು ಸಿಲಿಂಡರಿನಿಂದ.

ಮೇ 2ರ ರಾತ್ರಿ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿದ್ದವರಿಗೆ ಆ ಪುಣ್ಯ ಸಿಕ್ಕಲಿಲ್ಲ. ಒಂದು ದಿನದೊಳಗೆ 24 ಜನ ತೀರಿಕೊಂಡರು. ಅಧಿಕಾರಸ್ಥರು ಮೊದಲು ಇವುಗಳಲ್ಲಿ ಕೆಲವನ್ನು ಮಾತ್ರ ಆಮ್ಲಜನಕದ ಕೊರತೆಗೆ ಸೇರಿಸಿದರು. ಉಚ್ಚ ನ್ಯಾಯಾಲಯದ ಆದೇಶದಂತೆ ನಿವೃತ್ತ ನ್ಯಾಯಮೂರ್ತಿ ವೇಣುಗೋಪಾಲ ಗೌಡರ ನೇತೃತ್ವದಲ್ಲಿ ನಡೆದ ವಿಚಾರಣೆ ಆ ಕೊರತೆಯೇ ಕಾರಣವೆಂದಿತು. ಅದೇ ವಾರ, ಮೇ 5ರಂದು, ಉಚ್ಚ ನ್ಯಾಯಾಲಯವು ಕರ್ನಾಟಕಕ್ಕೆ ದಿನಕ್ಕೆ 965 ಟನ್ನಿನ ಬದಲು 1,200 ಟನ್ ಆಮ್ಲಜನಕ ಕೊಡಬೇಕೆಂದು ಕೇಂದ್ರಕ್ಕೆ ಆಜ್ಞೆ ಮಾಡಿತು. ಕೇಂದ್ರವು ಆಜ್ಞೆಯ ಮೇಲೆ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು; ಆ ನ್ಯಾಯಾಲಯ ಅದನ್ನು ತಡೆಯಲಿಲ್ಲ. 1898ರ ತಾಯಿಗೆ ಇಂಥದೊಂದು ಬಾಗಿಲು ಇರಲಿಲ್ಲ. ಅವಳ ಮೊಮ್ಮಕ್ಕಳಿಗೆ ಇತ್ತು. ಚಾಮರಾಜನಗರದವರಿಗೆ ಅದು ಮೂರು ದಿನ ತಡವಾಗಿ ತೆರೆಯಿತು.

1897ರ ಕಾಯಿದೆಯನ್ನು 2020ರಲ್ಲಿ ತಿದ್ದಿದರು. ವೈದ್ಯರ ಮೇಲೆ, ದಾದಿಯರ ಮೇಲೆ ಕೈಮಾಡುವವರಿಗೆ ಐದು ವರ್ಷದವರೆಗೆ ಸೆರೆಯೆಂದು ಸೇರಿಸಿದರು. ಅವಶ್ಯವಾಗಿ ಬೇಕಾಗಿದ್ದ ತಿದ್ದುಪಡಿ. ನಾಲ್ಕನೆಯ ಪ್ರಕರಣವು ಮೊದಲಿದ್ದ ಹಾಗೆಯೇ ಉಳಿಯಿತು.